ವೃತ್ತದಲ್ಲಿ ಹೇಳಿದ್ದು

ಮಗಳು ಸತ್ತ ಇಪ್ಪತ್ತನೇ ದಿನಕ್ಕೆ ಮಲ್ಲಿಕಾಂಬ ಮತ್ತೆ ಶಾಲೆಯ ಅಡುಗೆಮನೆಗೆ ಬಂದಳು. ಇನ್ನು ಬರುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಹೆಡ್‌ಮಾಸ್ಟರ್ ರುದ್ರಮೂರ್ತಿಯವರು ಬೇರೊಬ್ಬಳಿಗೆ ಹೇಳಿಯೂ ಇಟ್ಟಿದ್ದರು. ಆದರೆ ಅವಳು ಎಂದಿನಂತೆ ಒಂಬತ್ತಕ್ಕೆ ಬಂದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಕ್ಕಿ ಮೂಟೆಯ ಬಾಯಿ ಬಿಚ್ಚಿದಳು.

"ಮನೇಲಿ ಕೂತು ಏನ್ ಮಾಡ್ಲಿ ಮಿಸ್? ನಮ್ಮನೆಯವ್ರು ಲಾರಿ ಮೇಲೆ ಹೋದ್ರೆ ಹದಿನೈದು ದಿನ ಬರಲ್ಲ. ಗೋಡೆ ನೋಡ್ಕೊಂಡ್ ಕೂರ್ಬೇಕು," ಎಂದಳು ಯಶೋದಾಗೆ.

ಯಶೋದಾ ಬಿಳಿಗಲ್ಲು ಶಾಲೆಗೆ ಬಂದು ಒಂಬತ್ತು ವರ್ಷವಾಗಿತ್ತು. ಬೀರೂರಿನಲ್ಲಿ ಮನೆ. ದಿನಾ ಬಸ್ಸಿನಲ್ಲಿ ದೇವನೂರಿಗೆ ಬಂದು, ಅಲ್ಲಿಂದ ಆಟೋದಲ್ಲಿ ನಾಲ್ಕು ಕಿಲೋಮೀಟರ್ ಒಳಗಿನ ಈ ಹಳ್ಳಿಗೆ ಬರುತ್ತಿದ್ದಳು. ಸತ್ತ ಹುಡುಗಿ ಸ್ಫೂರ್ತಿ ಅವಳದೇ ಆರನೇ ತರಗತಿಯವಳು. ಫೆಬ್ರವರಿಯ ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಷಣ್ಮುಖಪ್ಪನವರ ಹೊಲದ ಕೃಷಿಹೊಂಡಕ್ಕೆ ಬಿದ್ದು ತೀರಿಕೊಂಡಿದ್ದಳು. ಹೊಂಡಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ಪಾಚಿ ಕಟ್ಟಿದ ಹಾಳೆಯ ಮೇಲೆ ಕಾಲಿಟ್ಟರೆ ದೊಡ್ಡವರೂ ಮೇಲೆ ಹತ್ತಲಾರರು. ಸಂಜೆ ನಾಲ್ಕೂವರೆಗೆ ಮೋಟಾರು ಹಾಕಲು ಹೋದ ಆಳಿಗೆ ದಂಡೆಯ ಮೇಲೆ ಚಪ್ಪಲಿ ಕಂಡವು. ಒಬ್ಬಳೇ ಅಲ್ಲಿಗೆ ಯಾಕೆ ಹೋಗಿದ್ದಳು ಎಂಬುದು ಯಾರಿಗೂ ತಿಳಿಯಲಿಲ್ಲ.

ಮಲ್ಲಿಕಾಂಬಳಿಗೆ ಅದೇ ಗೀಳಾಯಿತು. ಮಕ್ಕಳು ತಟ್ಟೆ ತೊಳೆಯಲು ನಲ್ಲಿಯ ಹತ್ತಿರ ಸಾಲು ನಿಂತಾಗ ಒಂದೊಂದು ಮಗುವನ್ನೇ ಹಿಡಿದು ಕೇಳುವಳು. "ಅವತ್ತು ನಮ್ ಪಾಪುನ್ನ ಯಾರಾದ್ರೂ ನೋಡಿದ್ರೇನ್ರೋ? ಯಾವ್ ಕಡೆ ಹೋದ್ಲು? ಯಾರ್ ಜೊತೆ ಹೋದ್ಲು?" ಮೊದಮೊದಲು ಮಕ್ಕಳು ಗೊತ್ತಿಲ್ಲ ಅನ್ನುತ್ತಿದ್ದರು. ಆಮೇಲೆ ಅವಳು ನಲ್ಲಿಯ ಹತ್ತಿರ ನಿಂತಿದ್ದರೆ ತಟ್ಟೆ ತೊಳೆಯದೆ ಚೀಲಕ್ಕೆ ತುರುಕಿಕೊಂಡು ಹೋಗತೊಡಗಿದರು.

ಬೇಸಿಗೆ ರಜೆ ಮುಗಿಯಿತು. ಆರನೇ ತರಗತಿಯ ಮಕ್ಕಳು ಏಳಕ್ಕೆ ಬಂದರು. ಯಶೋದಾಳೇ ಏಳಕ್ಕೂ ಕ್ಲಾಸ್ ಟೀಚರ್. ಜುಲೈನಲ್ಲಿ ಕಡೂರಿನಲ್ಲಿ ಮೂರು ದಿನದ ತರಬೇತಿ ಇದೆ, ಶಾಲೆಗೊಬ್ಬರು ಬರಬೇಕು ಎಂದು ಸುತ್ತೋಲೆ ಬಂದಾಗ ರುದ್ರಮೂರ್ತಿ ಅವಳನ್ನೇ ಕಳಿಸಿದರು. "ಭಾವನೆ ಗೀವನೆ ಅಂತೆ ಕಣ್ರೀ ಮೇಡಂ, ನಿಮಗೇ ಸರಿ. ನನಗೆ ಅದೆಲ್ಲ ಬರಲ್ಲ," ಎಂದರು.

ತರಬೇತಿ ಕೊಟ್ಟವನು ಯಾವುದೋ ಸಂಸ್ಥೆಯ ರಘು ಎಂಬ ಹುಡುಗ. ಮೂವತ್ತೂ ಆಗಿರಲಿಲ್ಲ. ನಲವತ್ತು ಜನ ಟೀಚರುಗಳನ್ನು ನೆಲದ ಮೇಲೆ ವೃತ್ತಾಕಾರದಲ್ಲಿ ಕೂರಿಸಿ, ಒಂದು ಬಟ್ಟೆಯ ಚೆಂಡು ಕೊಟ್ಟು, ಚೆಂಡು ಯಾರ ಕೈಗೆ ಬರುತ್ತದೋ ಅವರು ಈ ಹೊತ್ತು ತಮಗೆ ಏನನಿಸುತ್ತಿದೆ ಎಂದು ಹೇಳಬೇಕು ಎಂದ. ಮೊದಲ ದಿನ ಎಲ್ಲರೂ ನಕ್ಕರು. ಎರಡನೇ ದಿನ ತರೀಕೆರೆ ಕಡೆಯಿಂದ ವರ್ಗವಾಗಿ ಬಂದಿದ್ದ ಹಿರಿಯ ಟೀಚರೊಬ್ಬರು ಚೆಂಡು ಹಿಡಿದುಕೊಂಡು ಏನೂ ಹೇಳದೆ ಅತ್ತುಬಿಟ್ಟರು. ಆಮೇಲೆ ಯಾರೂ ನಗಲಿಲ್ಲ. ಮಕ್ಕಳಿಗೆ ಸಿಟ್ಟು ಬಂದಾಗ ಅದಕ್ಕೊಂದು ಹೆಸರು ಹೇಳಲು ಕಲಿಸಬೇಕು, ಪಕ್ಕದವರ ನೋವನ್ನು ಗಮನಿಸಲು ಕಲಿಸಬೇಕು, ಜಗಳವಾದರೆ ಕೂತು ಮಾತಾಡಲು ಕಲಿಸಬೇಕು ಎಂದು ರಘು ವಿವರಿಸಿದ. ಒಂದು ನಿಯಮವನ್ನು ಮಾತ್ರ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ. ವೃತ್ತದಲ್ಲಿ ಹೇಳಿದ್ದು ವೃತ್ತದಲ್ಲೇ ಇರಬೇಕು.

ಯಶೋದಾ ಕೈಯೆತ್ತಿ, "ಮಗು ಏನಾದ್ರೂ ತುಂಬ ದೊಡ್ಡದು ಹೇಳಿದ್ರೆ?" ಎಂದು ಕೇಳಿದ್ದಳು.

"ಪೂರ್ತಿ ಕೇಳಿಸ್ಕೊಳ್ಳಿ ಮೇಡಂ. ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳಿ. ಆಮೇಲೆ ನನಗೊಂದು ಫೋನ್ ಮಾಡಿ," ಎಂದು ತನ್ನ ನಂಬರು ಕೊಟ್ಟಿದ್ದ.

ಬುಧವಾರದ ಮೂರನೇ ಪೀರಿಯಡ್ಡನ್ನು ಅವಳು ಇದಕ್ಕೇ ಇಟ್ಟಳು. ಏಳನೇ ತರಗತಿಯಲ್ಲಿ ಇದ್ದದ್ದು ಹದಿನೇಳು ಮಕ್ಕಳು. ಬೆಂಚು ಸರಿಸಿ ಜಮಖಾನ ಹಾಸಿ ಕೂರಿಸಿದರೆ ವೃತ್ತ ಸರಿಯಾಗಿ ಆಗುತ್ತಿತ್ತು. ಶುರುವಿನಲ್ಲಿ ಎಲ್ಲರೂ 'ಖುಷಿ ಮಿಸ್, ಖುಷಿ ಮಿಸ್' ಎಂದು ಚೆಂಡು ದಾಟಿಸಿದರು. ಮೂರನೇ ವಾರ ಸಿದ್ದೇಶ್ ಎಂಬ ಹುಡುಗ ಅಣ್ಣ ತನ್ನನ್ನು ಕುಂಟ ಅನ್ನುತ್ತಾನೆ, ಅದಕ್ಕೆ ಸಿಟ್ಟು ಎಂದ. ಇನ್ನೊಬ್ಬಳು, ಅಜ್ಜಿ ತಮ್ಮನಿಗಷ್ಟೇ ತುಪ್ಪ ಹಾಕುತ್ತಾಳೆ ಎಂದಳು. ಮಕ್ಕಳು ಬುಧವಾರಕ್ಕೆ ಕಾಯತೊಡಗಿದರು. ಇಪ್ಪತ್ತು ವರ್ಷ ಪಾಠ ಮಾಡಿದರೂ ಇಂಥದೊಂದು ಸುಖ ಯಶೋದಾಗೆ ಸಿಕ್ಕಿರಲಿಲ್ಲ. ಮನೆಗೆ ಹೋಗಿ ಗಂಡನಿಗೆ ಹೇಳಿದ್ದೂ ಹೇಳಿದ್ದೇ.

ಒಬ್ಬಳು ಮಾತ್ರ ಒಂದು ದಿನವೂ ಬಾಯಿ ಬಿಡಲಿಲ್ಲ. ಮಾಯಾ. ಚೆಂಡು ಬಂದ ಕೂಡಲೇ 'ಪಾಸ್' ಎಂದು ಪಕ್ಕದವರಿಗೆ ಕೊಟ್ಟುಬಿಡುವಳು. ಅವಳ ಅಪ್ಪ ವೇಣು ಬೀರೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಊರಾಚೆಯ ಕಾಲೊನಿಯಲ್ಲಿ ಮನೆ. ಬಾಗಿಲ ಮೇಲೆ ಬುದ್ಧನ ಪಟ. ಮಾಯಾ ಮೊದಲು ತುಂಬ ಮಾತಿನ ಹುಡುಗಿ. ಗಣಿತದಲ್ಲಿ ಅವಳೂ ಸ್ಫೂರ್ತಿಯೂ ಒಬ್ಬರಿಗಿಂತ ಒಬ್ಬರು ಮುಂದು. ಐದನೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಇಡೀ ದಿನ ಗುಸುಗುಸು ಅನ್ನುತ್ತಿದ್ದರು.

ಆರನೇ ತರಗತಿ ಶುರುವಾದ ವಾರವೇ ಮಲ್ಲಿಕಾಂಬ ಬಂದು, "ಮಿಸ್, ನಮ್ ಪಾಪುನ್ನ ಆ ಹುಡುಗಿ ಪಕ್ಕ ಕೂರಿಸ್ಬೇಡಿ. ಡಬ್ಬಿ ಹಂಚ್ಕೊಂಡ್ ತಿಂತವೆ. ನಮ್ಮತ್ತೆ ಕಡೆಯೋರ್ಗೆ ಗೊತ್ತಾದ್ರೆ ನಂಗೆ ಬದುಕಕ್ ಬಿಡಲ್ಲ," ಎಂದಿದ್ದಳು. ಯಶೋದಾ ಸರಿ ಎಂದಿದ್ದಳು. ಅದೇನು ದೊಡ್ಡ ವಿಷಯ ಅನ್ನಿಸಿರಲಿಲ್ಲ ಅವಳಿಗೆ. ಮಾರನೇ ದಿನ, ಬೋರ್ಡು ಕಾಣುವುದಿಲ್ಲ ಅನ್ನುತ್ತೀಯಲ್ಲ ಎಂದು ಸ್ಫೂರ್ತಿಯನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದ್ದಳು. ಬೋರ್ಡು ಕಾಣುವುದಿಲ್ಲವೆಂದು ಆ ಮಗು ಯಾವತ್ತೂ ಹೇಳಿರಲಿಲ್ಲ.

ಆಗಸ್ಟ್ ಕೊನೆಯ ಬುಧವಾರ. ತರಬೇತಿಯಲ್ಲಿ ಕೊಟ್ಟಿದ್ದ ಪುಸ್ತಕದಲ್ಲಿ ಆ ವಾರದ ವಿಷಯ ಭಯ ಎಂದಿತ್ತು. ಒಬ್ಬ ಹಾವು ಎಂದ. ಒಬ್ಬಳು ಕತ್ತಲೆ ಎಂದಳು. ಸಿದ್ದೇಶ್ ಗಣಿತ ಎಂದಾಗ ಎಲ್ಲರೂ ನಕ್ಕರು. ಚೆಂಡು ಮಾಯಾಳ ಕೈಗೆ ಬಂತು. ಅವಳು ಪಾಸ್ ಅನ್ನಲಿಲ್ಲ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಅದರ ಹೊಲಿಗೆ ನೋಡುತ್ತ ಕೂತಳು.

"ಮಾಯಾ, ಬೇಡ ಅನ್ಸಿದ್ರೆ ಪರವಾಗಿಲ್ಲ," ಎಂದಳು ಯಶೋದಾ.

"ಸ್ಫೂರ್ತಿ ಬಿದ್ದಾಗ ನಾನು ಅಲ್ಲೇ ಇದ್ದೆ," ಎಂದಳು ಮಾಯಾ. "ಯಾರ್ಗೂ ಹೇಳ್ಲಿಲ್ಲ. ನಂಗೆ ದಿನಾ ಭಯ ಆಗುತ್ತೆ."

ಅಡುಗೆಮನೆಯಿಂದ ಸಾರಿನ ಪಾತ್ರೆಗೆ ಸೌಟು ಬಡಿಯುವ ಸದ್ದು ಕೇಳುತ್ತಿತ್ತು. ಏನಾದರೂ ಹೇಳಲೇಬೇಕಿತ್ತು. ಯಶೋದಾಗೆ ನೆನಪಾದದ್ದು ರಘು ಹೇಳಿಕೊಟ್ಟ ಮಾತು ಮಾತ್ರ.

"ಹೇಳಿದ್ದಕ್ಕೆ ಥ್ಯಾಂಕ್ಸ್ ಮಾಯಾ," ಎಂದಳು.

ಆಡಿದ ಕ್ಷಣವೇ ಆ ಮಾತು ಎಷ್ಟು ಅಸಹ್ಯವಾಗಿದೆ ಅನ್ನಿಸಿತು. ಮಾಯಾ ತಲೆಯೆತ್ತಿ ಅವಳನ್ನು ನೋಡಿದಳು. ಇಷ್ಟೇನಾ, ಎಂದು ಕೇಳುವಂತಿತ್ತು ಆ ನೋಟ. ಅಷ್ಟರಲ್ಲಿ ಊಟದ ಬೆಲ್ಲು ಹೊಡೆಯಿತು. ಇಲ್ಲಿ ಕೇಳಿದ್ದನ್ನು ಎಲ್ಲೂ ಹೇಳಬಾರದು, ಇದು ನಮ್ಮ ನಿಯಮ, ಎಂದು ಯಶೋದಾ ಹದಿನಾರು ಮಕ್ಕಳಿಗೂ ಎರಡೆರಡು ಸಲ ಹೇಳಿ ಹೊರಗೆ ಕಳಿಸಿದಳು. ಮಾಯಾಳನ್ನು ಉಳಿಸಿಕೊಂಡು ಬಾಗಿಲು ಮುಂದೆ ಮಾಡಿದಳು.

ಆಗ ಮಾಯಾ ಎಲ್ಲವನ್ನೂ ಹೇಳಿದಳು. ಅಳಲಿಲ್ಲ. ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡವಳಂತೆ ಒಂದೇ ಉಸಿರಿನಲ್ಲಿ ಹೇಳಿದಳು.

ಬೆಂಚು ಬದಲಾದ ಮೇಲೂ ಇಬ್ಬರೂ ಶನಿವಾರ ಮಧ್ಯಾಹ್ನ ಯಾರಿಗೂ ಕಾಣದ ಹಾಗೆ ಸೇರುತ್ತಿದ್ದರು. ಸ್ಫೂರ್ತಿ ಹೊಲದ ಬದುವಿನಲ್ಲಿ ಬರುವಳು, ಮಾಯಾ ಹಳ್ಳದ ಕಡೆಯಿಂದ. ಆ ದಿನ ಷಣ್ಮುಖಪ್ಪನವರ ಹೊಲದ ಹುಣಸೇಮರದ ಕೆಳಗೆ ಕೂತು ಹಣ್ಣು ತಿಂದಿದ್ದರು. ಸ್ಫೂರ್ತಿಯ ಕೈಯೆಲ್ಲ ಅಂಟಾಯಿತು. ತೊಳೆಯಲು ಹೊಂಡಕ್ಕೆ ಇಳಿದವಳು ಜಾರಿದಳು. ಪ್ಲಾಸ್ಟಿಕ್ಕಿನ ಒಂದು ಮಡಿಕೆ ಅವಳ ಕೈಗೆ ಸಿಕ್ಕಿತ್ತು. ಎದೆಮಟ್ಟ ನೀರಿನಲ್ಲಿ ಅದನ್ನೇ ಹಿಡಿದು ನಿಂತಿದ್ದಳು. ಮಾಯಾ ದಂಡೆಯ ಮೇಲೆ ಮಲಗಿ ಕೈ ಚಾಚಿದಳು. ಸಿಗಲಿಲ್ಲ.

"ಯಾರನ್ನಾದ್ರೂ ಕರ್ಕೊಂಡ್ ಬತ್ತೀನಿ ಅಂದೆ ಮಿಸ್. ಅದಕ್ಕೆ ಅವ್ಳು, ಅಮ್ಮಂಗೆ ಹೇಳ್ಬೇಡ ಕಣೇ, ನಿನ್ ಜೊತೆ ಬಂದಿದ್ದು ಗೊತ್ತಾದ್ರೆ ಹೊಡೀತಾಳೆ, ಬೇರೆ ಯಾರನ್ನಾದ್ರೂ ಕರಿ ಅಂದ್ಲು."

"ಆಮೇಲೆ?"

"ಓಡ್ದೆ. ಪಂಪ್‌ಹೌಸ್ ತಾವ ಯಾರೂ ಇರ್ಲಿಲ್ಲ. ರೋಡಿಗೆ ಬಂದೆ. ಅಲ್ಲಿ ಸಿಕ್ಕಿದ್ದು ಮಲ್ಲಿಕಾಂಬಕ್ಕ ಒಬ್ರೇ. ಶಾಲೇಲಿ ಪಾತ್ರೆ ತೊಳ್ದು ಮನೇಗ್ ಹೋಗ್ತಿದ್ರು. ಎಲ್ಲಿಗೇ ಹಿಂಗ್ ಓಡ್ತಿದೀಯ ಅಂದ್ರು. ನಾನು ಏನೂ ಇಲ್ಲ ಅಂದೆ."

ಯಶೋದಾ ಬೆಂಚಿನ ಅಂಚು ಹಿಡಿದುಕೊಂಡಳು.

"ಅವ್ರು ಹೋದ್ಮೇಲೆ ಬೇರೆ ಯಾರಾದ್ರೂ ಬತ್ತಾರಾ ಅಂತ ನಿಂತಿದ್ದೆ ಮಿಸ್. ಯಾರೂ ಬರ್ಲಿಲ್ಲ. ಮತ್ತೆ ಹೊಂಡದ ತಾವ ಓಡೋದೆ. ಅವ್ಳು ಇರ್ಲಿಲ್ಲ. ಮನೇಗ್ ಹೋಗಿ ಮಲ್ಕೊಂಡ್ಬಿಟ್ಟೆ."

ಯಶೋದಾ ಆ ಹುಡುಗಿಯನ್ನು ಹತ್ತಿರ ಎಳೆದುಕೊಂಡಳು. ಮಾಯಾ ಕಟ್ಟಿಗೆಯ ಹಾಗೆ ಬಿಗಿದುಕೊಂಡೇ ನಿಂತಿದ್ದಳು. ನಿನ್ನ ತಪ್ಪಲ್ಲ ಎಂದು ಯಶೋದಾ ಮೂರು ನಾಲ್ಕು ಸಲ ಹೇಳಿದಳು. ಹೇಳುವಾಗ ಅವಳ ಕಣ್ಣ ಮುಂದಿದ್ದದ್ದು ಮೊದಲ ಸಾಲಿನ ಬೆಂಚು.

ಹೊರಗೆ ಜಗಲಿಯಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಮಲ್ಲಿಕಾಂಬ ಬಗ್ಗಿ ಬಗ್ಗಿ ಅನ್ನ ಬಡಿಸುತ್ತಿದ್ದಳು. "ಏನ್ ಮಿಸ್, ಈ ಹುಡುಗೀಗೆ ಊಟಕ್ಕೂ ಬಿಡ್ಲಿಲ್ವಾ?" ಎಂದು ನಕ್ಕು, ಮಾಯಾಳ ತಟ್ಟೆಗೆ ಒಂದು ಸೌಟು ಹೆಚ್ಚೇ ಹಾಕಿದಳು.

ಆ ದಿನ ಸಂಜೆ ಯಶೋದಾ ರಘುವಿಗೆ ಫೋನು ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡ. ಮಗುವಿನ ಗುಟ್ಟು ಕಾಪಾಡುವುದು ಮುಖ್ಯ, ಆದರೆ ತಾಯಿಗೂ ತಿಳಿಯುವ ಹಕ್ಕಿದೆ, ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದ. ಆಮೇಲೆ ಅವನಿಂದ ಫೋನು ಬರಲಿಲ್ಲ. ಮಾರನೇ ದಿನ ಹೆಡ್‌ಮಾಸ್ಟರಿಗೆ ಹೇಳಿದಳು. ಅಮ್ಮನಿಗೆ ಹೇಳಬೇಡ ಅಂದ ಮಾತು ಬಿಟ್ಟು ಉಳಿದದ್ದನ್ನು ಹೇಳಿದಳು. ಅದನ್ನು ಯಾಕೆ ಬಿಟ್ಟಳೆಂದು ಆಗ ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ರುದ್ರಮೂರ್ತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸತ್ತೋಳು ಸತ್ತೋದ್ಲು ಮೇಡಂ. ಈಗ ಇದನ್ನ ಯಾಕ್ರೀ ಕೆದಕಿದ್ರಿ? ಬಾಯಿ ಮುಚ್ಕೊಂಡಿರಿ. ಆ ಪೀರಿಯಡ್ಡಿಗೆ ಗಣಿತ ಹಾಕ್ಬಿಡಿ."

"ಮಲ್ಲಿಕಾಂಬಂಗೆ ನಾನೇ ಹೇಳ್ತೀನಿ ಸಾರ್. ಬೇರೆಯವರಿಂದ ಗೊತ್ತಾಗೋದ್ ಬೇಡ."

"ಸೋಮವಾರ ಹೇಳೀರಂತೆ. ಎರಡ್ ದಿನ ಯೋಚನೆ ಮಾಡಿ."

ಅವಳು ಯೋಚಿಸುತ್ತ ಕೂತಳು. ಶುಕ್ರವಾರ ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿ, ಉಪ್ಪಿನಕಾಯಿ ಇದೆಯಾ ಎಂದು ಕೇಳಿ ವಾಪಸು ಬಂದಳು. ಶನಿವಾರ ರಜೆ ಹಾಕಿದಳು. ಅಷ್ಟರಲ್ಲಿ ಹದಿನಾರು ಮಕ್ಕಳಲ್ಲಿ ಯಾವುದೋ ಒಂದು ಮಗು ಮನೆಯಲ್ಲಿ ಬಾಯಿ ಬಿಟ್ಟಿತ್ತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಇಡೀ ಬಿಳಿಗಲ್ಲಿಗೆ ಗೊತ್ತಾಗಿತ್ತು. ಮಾಯಾ ಅಲ್ಲಿದ್ದಳು, ಆರು ತಿಂಗಳು ಬಾಯಿ ಬಿಡಲಿಲ್ಲ. ಇಷ್ಟು ನಿಜ. ಇದರ ಮೇಲೆ ಒಬ್ಬೊಬ್ಬರು ಒಂದೊಂದು ಸೇರಿಸಿದರು. ಜಗಳವಾಡಿದ್ದರಂತೆ. ಕಾಲ್ಗೆಜ್ಜೆ ಕೊಡು ಅಂದಿದ್ದಳಂತೆ ಮಾಯಾ. ತಳ್ಳಿಯೂ ಇರಬಹುದು.

ಸೋಮವಾರ ಮಲ್ಲಿಕಾಂಬ ಬಂದಳು. ಅನ್ನ ಮಾಡಿದಳು, ಸಾರು ಮಾಡಿದಳು. ಮಕ್ಕಳು ಸಾಲಾಗಿ ಕೂತ ಮೇಲೆ ಒಂದು ಕಡೆಯಿಂದ ಬಡಿಸುತ್ತ ಬಂದಳು. ಮಾಯಾ ಕೂತಲ್ಲಿಗೆ ಬಂದಾಗ ನಿಂತಳು. ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಯಶೋದಾ ಕಂಬದ ಹತ್ತಿರದಿಂದ ಓಡಿ ಬರುವಷ್ಟರಲ್ಲಿ ಕೇಳಿಯೇಬಿಟ್ಟಿದ್ದಳು.

"ಎಷ್ಟೊತ್ತು ಕೂಗಿದ್ಲು?"

ಮಾಯಾ ತಟ್ಟೆ ನೋಡುತ್ತಿದ್ದಳು.

"ನಿನ್ನೇ ಕೇಳ್ತಿರದು. ಎಷ್ಟೊತ್ತು ಕೂಗಿದ್ಲು ನನ್ ಮಗಳು?"

"ಕೂಗ್ಲಿಲ್ಲ," ಎಂದಳು ಮಾಯಾ. "ನಾನಿದ್ದಾಗ ಕೂಗ್ಲಿಲ್ಲ."

ಮಲ್ಲಿಕಾಂಬ ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ಹೋದಳು. ಉಳಿದ ಮಕ್ಕಳಿಗೆ ಯಶೋದಾಳೇ ಬಡಿಸಿದಳು. ಮಾಯಾ ಖಾಲಿ ತಟ್ಟೆಯನ್ನು ನಲ್ಲಿಗೆ ಒಯ್ದು ತೊಳೆದು ಚೀಲಕ್ಕೆ ಹಾಕಿಕೊಂಡಳು.

ಮಂಗಳವಾರ ಹೆಡ್‌ಮಾಸ್ಟರ್ ರೂಮಿನಲ್ಲಿ ಸಭೆ ಸೇರಿತು. ಶಾಲಾ ಸಮಿತಿಯ ಅಧ್ಯಕ್ಷರು ಷಣ್ಮುಖಪ್ಪನವರೇ. ಹೊಂಡ ಅವರದು. ಹೊಂಡಕ್ಕೆ ಬೇಲಿ ಇರಲಿಲ್ಲವೆಂದು ಫೆಬ್ರವರಿಯಿಂದ ಊರು ಹಿಂದಿನಿಂದ ಆಡಿಕೊಳ್ಳುತ್ತಿತ್ತು. ಈಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ವೇಣು ಅಂಗಡಿ ಮುಚ್ಚಿ ಬಂದಿದ್ದ. ಅಂಗಿಯ ಮೇಲೆ ವಾರ್ನಿಷ್ ಕಲೆ ಹಾಗೇ ಇತ್ತು. ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒತ್ತಿ ನಿಂತಿದ್ದ. ಮಲ್ಲಿಕಾಂಬ ಹೊಸಿಲ ಹತ್ತಿರ ನೆಲದ ಮೇಲೆ ಕೂತಿದ್ದಳು.

"ಒಂದ್ ಮಾತು ಹೇಳಿದ್ರೆ ಮಗು ಉಳೀತಿತ್ತು," ಎಂದರು ಷಣ್ಮುಖಪ್ಪ. "ಊರಿಗೆ ಹತ್ತು ನಿಮಿಷದ ದಾರಿ. ಏನಪ್ಪಾ ವೇಣು, ನಿನ್ ಮಗಳು ಯಾಕ್ ಹಿಂಗ್ ಮಾಡಿದ್ಲು? ಮನಸ್ನಾಗೆ ಏನಿತ್ತು ಆ ಹುಡುಗೀಗೆ?"

"ನನ್ ಮಗಳಿಗೆ ಹನ್ನೆರಡು ವರ್ಷ ಸಾರ್," ಎಂದ ವೇಣು. "ಹೆದರ್ಕೊಂಡೈತೆ. ನಮಗೂ ಹೇಳಿಲ್ಲ. ಆರ್ ತಿಂಗಳಿಂದ ಸರಿಯಾಗಿ ಉಂಡಿಲ್ಲ ಇದು. ಯಾಕೆ ಅಂತ ನಮಗೆ ತಿಳೀಲಿಲ್ಲ." ಬೇಲಿ ಅಂತ ಇನ್ನೇನೋ ಹೇಳಲು ಹೊರಟ. ಷಣ್ಮುಖಪ್ಪನವರ ಮುಖ ನೋಡಿ ನಿಲ್ಲಿಸಿದ.

ಆಗ ಮಲ್ಲಿಕಾಂಬ ಮಾತಾಡಿದಳು. ಗಟ್ಟಿಯಾಗೇನೂ ಅಲ್ಲ.

"ರೋಡ್‌ನಾಗೆ ನಾನೇ ಸಿಕ್ಕಿದ್ನಲ್ಲೇ. ಎಲ್ಲಿಗೇ ಓಡ್ತೀಯ ಅಂತ ಬಾಯ್ಬಿಟ್ಟು ಕೇಳಿದ್ನಲ್ಲ. ಏನೂ ಇಲ್ಲ ಅಂದಿದ್ಕೆ ಆಟಕ್ಕೆ ಓಡ್ತೀಯ ಅನ್ಕಂಡೆ. ನಂಗ್ಯಾಕೇ ಹೇಳ್ಲಿಲ್ಲ? ಬ್ಯಾರೆ ಯಾರ್ಗೂ ಬ್ಯಾಡ, ನಂಗ್ಯಾಕ್ ಹೇಳ್ಲಿಲ್ಲ?"

ಮಾಯಾ ತಲೆಯೆತ್ತಿ ಯಶೋದಾಳನ್ನು ನೋಡಿದಳು.

ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದದ್ದು ಇಬ್ಬರಿಗೆ. ಮಗು ತನ್ನ ಪಾಲಿನದನ್ನು ಹೇಳಿ ಮುಗಿಸಿತ್ತು, ಬುಧವಾರವೇ, ನಂಬಿಕೆಯಿಟ್ಟು. ಇನ್ನು ಮಾತಾಡಬೇಕಾದವಳು ತಾನು ಎಂದು ಯಶೋದಾಗೆ ತಿಳಿದಿತ್ತು. ನಿನಗೆ ಹೆದರಿಯೇ ಹೇಳಲಿಲ್ಲ, ನಿನ್ನ ಮಗಳೇ ಬೇಡ ಅಂದಿದ್ದಳು, ಇವರಿಬ್ಬರನ್ನೂ ಕದ್ದು ಸೇರುವ ಹಾಗೆ ಮಾಡಿದವರು ನೀನು ಮತ್ತು ನಾನು. ಇಷ್ಟು ಹೇಳಿದ್ದರೆ ಸಾಕಿತ್ತು. ನೆಲದ ಮೇಲೆ ಕೂತವಳನ್ನು ನೋಡಿದಳು. ಆರು ತಿಂಗಳಲ್ಲಿ ಅವಳ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಷಣ್ಮುಖಪ್ಪನವರನ್ನು ನೋಡಿದಳು.

"ಮಕ್ಕಳು ಹೆದರಿದಾಗ ಮಾತು ಬರಲ್ಲ ಸಾರ್," ಎಂದಳು. "ತರಬೇತಿಯಲ್ಲೂ ಅದನ್ನೇ ಹೇಳಿದ್ರು."

ಅಷ್ಟೇ ಹೇಳಿದಳು. ಮಾಯಾ ಕಣ್ಣು ಕೆಳಗೆ ಹಾಕಿದಳು. ಆಮೇಲೆ ಯಾರು ಏನು ಕೇಳಿದರೂ ಬಾಯಿ ತೆರೆಯಲಿಲ್ಲ.

ಆ ವಾರದಲ್ಲೇ ವೇಣು ಮಗಳ ಟಿ.ಸಿ. ತೆಗೆದುಕೊಂಡ. ಯಾರೂ ಬಿಡಿಸಲಿಲ್ಲ, ಇರು ಎಂದೂ ಅನ್ನಲಿಲ್ಲ. ಅಜ್ಜಂಪುರದಲ್ಲಿ ಅವನ ತಂಗಿಯ ಮನೆ ಇತ್ತು. ಅಲ್ಲಿ ಶಾಲೆಗೆ ಸೇರಿಸಿದ. ಟಿ.ಸಿ. ಕೊಡುವ ದಿನ ಯಶೋದಾ, "ನಾನೇ ಕಾರಣ ವೇಣು," ಎಂದಳು. ಅವನು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು, "ಹೇಳು ಹೇಳು ಅಂತ ಕಲಿಸ್ತೀರ ಮೇಡಂ. ಹೇಳಿದ್ ಮಕ್ಕಳನ್ನ ಎಲ್ಲಿ ಇಟ್ಕೋಬೇಕು ಅಂತ ಯಾರೂ ಕಲಿಸಲ್ವಾ?" ಎಂದು ಕೇಳಿದ. ಸಿಟ್ಟಿನಿಂದ ಕೇಳಿದ ಹಾಗಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

ಬುಧವಾರದ ಮೂರನೇ ಪೀರಿಯಡ್ಡು ಗಣಿತವಾಯಿತು. ಜಮಖಾನ ಸುತ್ತಿ ಬೀರುವಿನ ಮೇಲೆ ಎಸೆದರು. ಒಂದು ದಿನ ಸಿದ್ದೇಶ್, "ಮಿಸ್, ಸರ್ಕಲ್ ಆಟ ಆಡ್ಸಲ್ವಾ?" ಎಂದಾಗ ಪಕ್ಕದ ಹುಡುಗ ಅವನ ತೊಡೆ ಚಿವುಟಿದ್ದನ್ನು ಯಶೋದಾ ಕಂಡೂ ಕಾಣದಂತೆ ಹಲಗೆಯ ಕಡೆ ತಿರುಗಿದಳು. ತರಬೇತಿಯ ಕಡೆಯಿಂದ ಒಂದು ಫಾರಂ ಬಂತು. ಎಷ್ಟು ತರಗತಿ ನಡೆಸಿದಿರಿ, ಮಕ್ಕಳಲ್ಲಿ ಏನು ಬದಲಾವಣೆ ಕಂಡಿರಿ ಎಂದು ಕೇಳಿದ್ದರು. ರುದ್ರಮೂರ್ತಿ ತಾವೇ ತುಂಬಿ, ಉತ್ತಮ ಎಂದು ಬರೆದು ಕಳಿಸಿದರು.

ನವೆಂಬರಿನ ಒಂದು ಭಾನುವಾರ ಯಶೋದಾ ಬೀರೂರಿನಲ್ಲಿ ರೈಲು ಹತ್ತಿ ಅಜ್ಜಂಪುರಕ್ಕೆ ಹೋದಳು. ಗಂಡನಿಗೆ ಸಂತೆಗೆ ಎಂದಿದ್ದಳು. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಕೇಳಿಕೊಂಡು ಹೋದಾಗ ಮಾಯಾ ಮನೆಯ ಮುಂದೆ ಅತ್ತೆಯ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಉದ್ದವಾಗಿದ್ದಳು. ಮಿಸ್ ಎಂದು ಮಗುವನ್ನು ಕೆಳಗಿಳಿಸಿ ಕೈ ಕಟ್ಟಿಕೊಂಡಳು. ಅತ್ತೆ ಟೀ ತಂದಿಟ್ಟಳು. ಕಾಲೊನಿಯವರ ಮನೆಯೊಂದರಲ್ಲಿ ಟೀ ಕುಡಿದದ್ದು ಇದೇ ಮೊದಲು ಎಂದು ಯಶೋದಾಗೆ ಲೋಟ ಕೆಳಗಿಡುವಾಗ ಹೊಳೆಯಿತು.

"ಶಾಲೆ ಹೆಂಗಿದೆ?"

"ಚೆನ್ನಾಗೈತೆ ಮಿಸ್. ಇಲ್ಲೂ ಆ ಪೀರಿಯಡ್ ಐತೆ. ಗುಂಡಗೆ ಕೂರಿಸ್ತಾರೆ." ಕೆಳಗಿಳಿಸಿದ್ದ ಮಗುವನ್ನು ಮತ್ತೆ ಎತ್ತಿಕೊಳ್ಳುತ್ತ ಅಂದಳು, "ನಾನು ಖುಷಿ ಅಂತೀನಿ. ಪಾಸ್ ಅಂದ್ರೆ ಆಮೇಲೆ ಕರ್ದು ಕೇಳ್ತಾರೆ."

ಅತ್ತೆ ಒಳಗೆ ಹೋದ ಮೇಲೆ ಮಾಯಾ ದನಿ ತಗ್ಗಿಸಿದಳು. "ಮಲ್ಲಿಕಾಂಬಕ್ಕಂಗೆ ಹೇಳಿದ್ರಾ ಮಿಸ್? ಅವ್ಳು ಅಂದಿದ್ದು?"

"ಇಲ್ಲ. ಹೇಳ್ಬೇಕು ಅಂತಲೇ ಇದೀನಿ. ನಿನ್ ಮೇಲೆ ಬಂದಿರೋ ಮಾತು ಹೋಗುತ್ತೆ."

"ಹೇಳ್ಬೇಡಿ." ಮಾಯಾ ಮಗುವಿನ ಮೂಗು ಒರೆಸಿದಳು. "ಅವ್ರು ಮನೇಲಿ ಒಬ್ರೇ ಇರ್ತಾರೆ. ಅದನ್ನೇ ಯೋಚ್ನೆ ಮಾಡ್ತಾ ಕೂರ್ತಾರೆ ಮಿಸ್. ಬೇಡ."

ಬೀರೂರಿಗೆ ವಾಪಸು ಬರುವಾಗ ರೈಲಿನಲ್ಲಿ ಸೀಟು ಸಿಗಲಿಲ್ಲ. ಬಾಗಿಲ ಹತ್ತಿರ ನಿಂತು ಬಂದಳು. ಯಾವ ಪುಸ್ತಕದ ಯಾವ ವಾರದ ಪಾಠವೂ ಕಲಿಸದ್ದನ್ನು ಆ ಮಗು ಎಲ್ಲಿಂದ ಕಲಿಯಿತು ಎಂದು ಯೋಚಿಸಿದಳು. ಹೇಳಬೇಡಿ ಎಂದಾಗ ತನಗೆ ಮೊದಲು ಆದದ್ದು ನೆಮ್ಮದಿ ಎಂಬುದು ಅಷ್ಟರಲ್ಲೇ ಅವಳಿಗೆ ಗೊತ್ತಾಗಿತ್ತು. ಆ ನೆಮ್ಮದಿಗೆ ನಾಚಿಕೆಯಾಗಿ, ಯಾರಾದರೂ ನೋಡಿದರೋ ಎಂಬಂತೆ ಅಕ್ಕಪಕ್ಕ ತಿರುಗಿ ನೋಡಿದಳು.

ಆಮೇಲೂ ಒಂದು ತಿಂಗಳು ಕಳೆಯಿತು. ತರೀಕೆರೆ ತಾಲ್ಲೂಕಿಗೆ ವರ್ಗ ಕೇಳಿ ಅರ್ಜಿ ಹಾಕಿದಳು. ಡಿಸೆಂಬರಿನ ಒಂದು ಬೆಳಿಗ್ಗೆ, ಪ್ರಾರ್ಥನೆಗೆ ಇನ್ನೂ ಹೊತ್ತಿರುವಾಗ, ಅಡುಗೆಮನೆಗೆ ಹೋಗಿ ಮಲ್ಲಿಕಾಂಬಳ ಎದುರು ಮಣೆಯ ಮೇಲೆ ಕೂತಳು. ಮಲ್ಲಿಕಾಂಬ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಮಲ್ಲಿಕಾಂಬ, ಆರನೇ ಕ್ಲಾಸಲ್ಲಿ ಸ್ಫೂರ್ತೀನ ಮುಂದಿನ ಬೆಂಚಿಗೆ ಕೂರಿಸಿದ್ದೆ. ನೆನಪಿದೆಯಾ? ಅದನ್ನ ನಾನು ಮಾಡಬಾರದಿತ್ತು. ಮಕ್ಕಳು ಎದುರಿಗೇ ಜೊತೆಗಿದ್ದಿದ್ರೆ ಕದ್ದು ಹೋಗ್ತಿರ್ಲಿಲ್ಲ."

ಮಲ್ಲಿಕಾಂಬಳ ಬೆರಳು ಅಕ್ಕಿಯ ಮೇಲೆ ನಿಂತವು.

"ನೀವೇನ್ ಮಾಡೀರಿ ಮಿಸ್. ಹೇಳ್ದೋಳು ನಾನು."

ಹೊರಗೆ ಮಕ್ಕಳು ಸಾಲು ಮಾಡುತ್ತಿದ್ದ ಗದ್ದಲ. ಮಲ್ಲಿಕಾಂಬ ಒಂದು ಕಲ್ಲು ಹೆಕ್ಕಿ ಎಸೆದಳು. ಆಮೇಲೆ ಮೊರ ಕೆಳಗಿಟ್ಟು ಯಶೋದಾಳ ಮುಖವನ್ನೇ ನೋಡಿದಳು.

"ಆ ಹುಡುಗಿ ನಿಮ್ ತಾವ ಬ್ಯಾರೆ ಏನಾದ್ರೂ ಹೇಳಿದ್ಲಾ ಮಿಸ್? ನಮ್ ಪಾಪು ಏನಾದ್ರೂ ಅಂದ್ಲಂತಾ? ನನ್ ಬಗ್ಗೆ?"

ಅವಳ ದನಿಯಲ್ಲಿ ಆಸೆ ಇತ್ತೋ ಭಯ ಇತ್ತೋ ಯಶೋದಾಗೆ ತಿಳಿಯಲಿಲ್ಲ. ಹೇಳಬೇಕೆಂದೇ ಬಂದಿದ್ದಳು. ಮಗುವೊಂದು ಬೇಡ ಎಂದಿತ್ತು. ಈಗ ತಾನು ಆಡುವ ಮಾತು ಆ ಮಗುವಿನ ಕರುಣೆಯದೋ ತನ್ನ ಪುಕ್ಕಲುತನದ್ದೋ ಎಂದು ಬೇರೆ ಮಾಡಿ ನೋಡಲು ಅವಳಿಂದ ಆಗಲಿಲ್ಲ.

"ಇಲ್ಲ," ಎಂದಳು. "ಏನೂ ಅನ್ನಲಿಲ್ಲವಂತೆ."

"ಹೌದಾ," ಎಂದಳು ಮಲ್ಲಿಕಾಂಬ. ನಂಬಿದಳೋ ಇಲ್ಲವೋ. ಮೊರ ಎತ್ತಿಕೊಂಡು ಬೆಳಕಿಗೆ ತಿರುಗಿ ಕೂತಳು. ಪ್ರಾರ್ಥನೆಯ ಬೆಲ್ಲು ಹೊಡೆದರೂ ಯಶೋದಾ ಮಣೆಯಿಂದ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂಟೆಯಿಂದ ಒಂದು ಸೇರು ಅಕ್ಕಿ ತೆಗೆದು ಇನ್ನೊಂದು ಮೊರಕ್ಕೆ ಸುರಿದುಕೊಂಡು ತಾನೂ ಆರಿಸಲು ಕೂತಳು.